ಕೈ ಎಲ್ಲಿಡಬೇಕೆಂದು ತಿಳಿದಿದ್ದವರು

ನಮ್ಮ ಡ್ರಿಲ್ ಮೇಷ್ಟ್ರು ತೀರಿಕೊಂಡ ಮೂರನೆಯ ದಿನ ಚಾಮರಾಜನಗರದ ಅವರ ಮನೆಯಲ್ಲಿ ಒಂದು ಬಿಕ್ಕಟ್ಟು ತಲೆದೋರಿತು. ಗೋಡೆಗೆ ನೇತುಹಾಕಿ ಹಾರ ಹಾಕಲು ಯೋಗ್ಯವಾದ ಫೋಟೋ ಒಂದೂ ಸಿಗಲಿಲ್ಲ. ಫೋಟೋಗಳಿಗೇನೂ ಬರವಿರಲಿಲ್ಲ. ಮೂವತ್ತು ವರ್ಷಗಳ ಕ್ರೀಡಾಕೂಟದ ಗ್ರೂಪ್ ಫೋಟೋಗಳು ಒಂದು ಟ್ರಂಕಿನ ತುಂಬ ಇದ್ದವು. ಅಷ್ಟರಲ್ಲೂ ಮೇಷ್ಟ್ರು ಎರಡೂ ಕೈಗಳನ್ನು ತಲೆಯ ಮೇಲಿಟ್ಟುಕೊಂಡು, ಎದೆ ಉಬ್ಬಿಸಿ, ಬಹಳ ಸಂತೋಷದಿಂದ ನಿಂತಿದ್ದರು.

ಫ್ರೇಮಿನ ಅಂಗಡಿಯವನು ಅನುಭವಸ್ಥ. ಮೊಣಕೈಗಳನ್ನು ಕತ್ತರಿಸಬಹುದು, ಆದರೆ ನೆತ್ತಿಯ ಮೇಲಿನ ಬೆರಳುಗಳನ್ನು ತೆಗೆದರೆ ಅರ್ಧ ತಲೆಯೂ ಹೋಗುತ್ತದೆ ಎಂದ. ಹಾಗೆಯೇ ಹಾಕೋಣವೆಂದರೆ ಮೇಷ್ಟ್ರ ಹೆಂಡತಿ ಒಪ್ಪಲಿಲ್ಲ. ಅವರು ಹೇಳಿದ್ದೂ ಸರಿಯೇ. ನಮ್ಮ ಕಡೆ ತಲೆಯ ಮೇಲೆ ಕೈ ಹೊತ್ತು ನಿಲ್ಲುವುದು ಸಾವಾದ ಮನೆಯವರು ಮಾತ್ರ. ಸತ್ತವರೇ ತಮ್ಮ ಸಾವಿಗೆ ತಾವೇ ತಲೆಯ ಮೇಲೆ ಕೈ ಹೊತ್ತು ಗೋಡೆಯಿಂದ ನೋಡುತ್ತಿದ್ದರೆ ತಿಥಿಗೆ ಬಂದವರು ಊಟ ಮಾಡುವುದು ಹೇಗೆ? ಕೊನೆಗೆ ಕೈ ಕಾಣದ ಒಂದೇ ಒಂದು ಫೋಟೋ ಸಿಕ್ಕಿತು. ಅದು ಹೇಗೆ ತೆಗೆದದ್ದು ಎಂದು ಬಲ್ಲವನು ನಾನಾದ್ದರಿಂದ ಈ ಬರಹದ ಹೊಣೆಯೂ ನನ್ನ ಮೇಲೆಯೇ ಬಿತ್ತು.

ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ಅವರು ಡ್ರಿಲ್ ಹೇಳುತ್ತಿದ್ದರು, ನಾನು ಕನ್ನಡ ಹೇಳುತ್ತಿದ್ದೆ. ಅವರು ಉಡಿಗಾಲವೆಂಬ ಹಳ್ಳಿಯವರು. ಬೇಸಾಯದ ಮನೆಯಲ್ಲಿ ಹುಟ್ಟಿ, ನೇಗಿಲು ಹಿಡಿಯಬೇಕಾದ ಕೈಯಲ್ಲಿ ವಿಷಲ್ ಹಿಡಿದವರು. ಮಿಕ್ಕ ಡ್ರಿಲ್ ಮೇಷ್ಟರುಗಳು ಮಕ್ಕಳ ಕಾಲಿನ ಬಗ್ಗೆ ಯೋಚಿಸಿದರೆ ಇವರು ಕೈಯ ಬಗ್ಗೆ ಯೋಚಿಸುತ್ತಿದ್ದರು. ಓಡುವುದನ್ನು ಯಾರು ಬೇಕಾದರೂ ಕಲಿಸಬಹುದು, ನಾಯಿಯೂ ಕಲಿಸುತ್ತದೆ. ಓಡಿ ಬಂದ ಮೇಲೆ ಕೈ ಎಲ್ಲಿಡಬೇಕು ಎನ್ನುವುದೇ ವಿದ್ಯೆ ಎಂಬುದು ಅವರ ಮತ. ಕೈ ತಲೆಯ ಮೇಲೆ ಹೋದರೆ ಎದೆಗೂಡು ಅಗಲವಾಗುತ್ತದೆ, ಅಗಲವಾದರೆ ಗಾಳಿ ತಾನೇ ನುಗ್ಗುತ್ತದೆ, ಬಾಗಿಲು ತೆಗೆದ ಮನೆಗೆ ನೆಂಟರು ನುಗ್ಗಿದ ಹಾಗೆ. ಕೈಯನ್ನು ಮಂಡಿಯ ಮೇಲೆ ಊರಿ ಬಗ್ಗಿ ಏದುಸಿರು ಬಿಡುವುದು ಅವರ ಪ್ರಕಾರ ಪಾಪ. "ಅದು ಎಮ್ಮ ನೀರ್ ಕುಡಿಯೋ ಪೋಸು ಕಣ್ಲಾ" ಎಂದು ಹೇಳಿ ವಿಷಲಿನ ದಾರದಿಂದ ಬೆನ್ನ ಮೇಲೆ ಒಂದು ಬಾರಿಸುತ್ತಿದ್ದರು.

ನನಗೆ ಹುಟ್ಟಿನಿಂದ ದಮ್ಮು. ಮಾಗಿ ಚಳಿ ಶುರುವಾಯಿತೆಂದರೆ ಸ್ಟಾಫ್ ರೂಮಿನ ಮೇಜಿಗೆ ಎರಡೂ ಮೊಣಕೈ ಊರಿ ಮುಂದಕ್ಕೆ ಬಾಗಿ ಕೂರದಿದ್ದರೆ ನನಗೆ ಉಸಿರು ಬರುತ್ತಿರಲಿಲ್ಲ. ಯಾರೂ ಹೇಳಿಕೊಟ್ಟದ್ದಲ್ಲ, ಮೈಗೆ ಗೊತ್ತಿತ್ತು. ಮೇಷ್ಟ್ರು ಆ ದಾರಿಯಲ್ಲಿ ಹಾದುಹೋಗುವಾಗಲೆಲ್ಲ ಹಿಂದಿನಿಂದ ಬಂದು ನನ್ನ ಹೆಗಲು ಹಿಡಿದು ನೆಟ್ಟಗೆ ಮಾಡಿ, "ಎದ ಅನ್ನದು ಕೊಡೆ ಅಲ್ಲ ಮೇಷ್ಟ್ರೆ, ಮಡ್ಚಕ್ಕ" ಎನ್ನುತ್ತಿದ್ದರು. ಅವರು ಹೋಗುವವರೆಗೂ ನೆಟ್ಟಗಿದ್ದು, ಹೋದಮೇಲೆ ನಾನು ಮತ್ತೆ ಮಡಚಿಕೊಳ್ಳುತ್ತಿದ್ದೆ. ಇಪ್ಪತ್ತೆರಡು ವರ್ಷ ನಮ್ಮ ಸ್ನೇಹ ಹೀಗೆ ನಡೆಯಿತು.

ಅವರ ಸಿದ್ಧಾಂತಕ್ಕೆ ದೊಡ್ಡ ಪೆಟ್ಟು ಬಿದ್ದದ್ದು ಒಂದು ಸಂತೆಯ ದಿನ. ನಮ್ಮ ಶಾಲೆಯ ಮೈದಾನ ಹೆದ್ದಾರಿಯ ಪಕ್ಕದಲ್ಲೇ ಇದೆ. ತಾಲ್ಲೂಕು ಕ್ರೀಡಾಕೂಟಕ್ಕೆಂದು ನಲವತ್ತು ಹುಡುಗರನ್ನು ನಾಲ್ಕು ಸುತ್ತು ಓಡಿಸಿ, ಹೆಡ್‌ಮಾಸ್ತರರ ಕೋಣೆಯ ಎದುರಿಗೆ ಸಾಲಾಗಿ ನಿಲ್ಲಿಸಿ, ಎಲ್ಲರ ಕೈಯನ್ನೂ ತಲೆಯ ಮೇಲೆ ಇಡಿಸಿದ್ದರು. ಹುಡುಗರ ಮುಖ ಕೆಂಪಾಗಿತ್ತು, ಬೆವರು ಇಳಿಯುತ್ತಿತ್ತು, ದೂರದಿಂದ ನೋಡಿದವರಿಗೆ ಅದು ಕಣ್ಣೀರೂ ಆಗಬಹುದಿತ್ತು. ಗೇಟಿನ ಬಳಿ ಕಡಲೆಕಾಯಿ ಮಾರುವ ಹೆಂಗಸೊಬ್ಬಳು ಕೂರುತ್ತಿದ್ದಳು. ಅವಳು ಒಳಗೆ ನೋಡಿದಳು. ನಲವತ್ತು ಹುಡುಗರು ತಲೆಯ ಮೇಲೆ ಕೈ ಹೊತ್ತು ನಿಂತಿದ್ದಾರೆ, ಹೆಡ್‌ಮಾಸ್ತರರ ಬಾಗಿಲು ಮುಚ್ಚಿದೆ. ಹಿಂದಿನ ದಿನ ಅವರು ಹೊಟ್ಟೆನೋವೆಂದು ರಜೆ ಹಾಕಿ ಮೈಸೂರಿಗೆ ಹೋದದ್ದು ಅವಳಿಗೆ ಗೊತ್ತಿತ್ತು. ಎರಡನ್ನೂ ಕೂಡಿಸಿದಳು.

ಸುದ್ದಿ ಈರುಳ್ಳಿ ಮಂಡಿಗೆ ಹೋಗಿ, ಅಲ್ಲಿಂದ ಲಾರಿಗಳ ಜೊತೆ ನಾಲ್ಕೂ ದಿಕ್ಕಿಗೆ ಹರಡಿತು. ಮಧ್ಯಾಹ್ನದ ಹೊತ್ತಿಗೆ ಮಂಡಿಯ ಹಿರಿಯರು ಹತ್ತು ಜನ ಸೇವಂತಿಗೆಯ ದೊಡ್ಡ ಹಾರ ಹಿಡಿದು, ಚಪ್ಪಲಿಯನ್ನು ಗೇಟಿನಲ್ಲೇ ಬಿಟ್ಟು, ಮೌನವಾಗಿ ಒಳಗೆ ಬಂದರು. ಅದೇ ಹೊತ್ತಿಗೆ, ಹೊಟ್ಟೆನೋವು ವಾಸಿಯಾದ ಹೆಡ್‌ಮಾಸ್ತರರು ಮೈಸೂರಿನ ಬಸ್ಸಿಳಿದು ಅದೇ ಗೇಟಿನಲ್ಲಿ ಬಂದರು. ಮುಂದೆ ನಡೆದ ಮಾತುಕತೆಯನ್ನು ನಾನು ಬರೆಯಲಾರೆ. ತಂದ ಹಾರವನ್ನು ವಾಪಸು ಒಯ್ಯುವಂತಿಲ್ಲ, ಹಾಕಬೇಕಾದವರಿಗೆ ಹಾಕುವಂತಿಲ್ಲ. ಅದನ್ನು ಸರಸ್ವತಿಯ ಪಟಕ್ಕೆ ಹಾಕಿ, ಎಲ್ಲರಿಗೂ ಕಾಫಿ ತರಿಸಿದೆವು.

ಮರುದಿನ ಲಿಖಿತ ಸೂಚನೆ ಹೊರಟಿತು: ಶಾಲಾ ಆವರಣದಲ್ಲಿ ಯಾರೂ ತಲೆಯ ಮೇಲೆ ಕೈ ಇಡತಕ್ಕದ್ದಲ್ಲ. ಮೇಷ್ಟ್ರು ಲಿಖಿತವಾಗಿಯೇ ಕೇಳಿದರು: ಹಾಗಾದರೆ ಕೈಗಳನ್ನು ಎಲ್ಲಿ ಇಡತಕ್ಕದ್ದು ಎಂಬುದನ್ನು ದಯಮಾಡಿ ತಿಳಿಸುವುದು. ಕೈ ಕಟ್ಟಿಕೊಂಡು ನಿಲ್ಲತಕ್ಕದ್ದು ಎಂದು ಉತ್ತರ ಬಂತು. ಕೈ ಕಟ್ಟಿದರೆ ಪಕ್ಕೆಗಳು ಬೀಗ ಹಾಕಿದಂತಾಗಿ ಪ್ರಾರ್ಥನೆಯ ಕೊನೆಯ ಚರಣಕ್ಕೆ ಉಸಿರು ಸಾಲುವುದಿಲ್ಲ, ಬೇಕಾದರೆ ತಾವೇ ಹಾಡಿ ನೋಡುವುದು ಎಂದು ಇವರು ಬರೆದರು. ಹೆಡ್‌ಮಾಸ್ತರರು ಬಾಗಿಲು ಹಾಕಿಕೊಂಡು ಹಾಡಿ ನೋಡಿದರೆಂದು ಜವಾನ ನನಗೆ ಹೇಳಿದ್ದುಂಟು. ಫಲಿತಾಂಶ ಹೊರಬರಲಿಲ್ಲ. ಆದರೆ ಶಾಲೆಯ ಹಿಂದೆ, ಬಾಳೆ ತೋಟದ ಕಡೆ ಮುಖ ಮಾಡಿ, ದಾರಿಹೋಕರಿಗೆ ಕಾಣದ ಹಾಗೆ ತಲೆಯ ಮೇಲೆ ಕೈ ಇಟ್ಟುಕೊಳ್ಳಬಹುದೆಂದು ಮೌಖಿಕವಾಗಿ ಅನುಮತಿ ಸಿಕ್ಕಿತು.

ಆ ಬಾಳೆ ತೋಟದ ಕಡೆಗೇ ಇನ್ನೊಂದು ಗುಟ್ಟೂ ಇತ್ತು. ಆಟದ ಸಾಮಾನಿನ ಕೋಣೆಯ ಹಿಂದೆ ಮೇಷ್ಟ್ರು ದಿನಕ್ಕೆ ನಾಲ್ಕಾರು ಬೀಡಿ ಸೇದುತ್ತಿದ್ದರು. ಎಡಗೈ ತಲೆಯ ಮೇಲೆ, ಬಲಗೈಯಲ್ಲಿ ಬೀಡಿ. ನಾನು ಕೇಳಿದ್ದಕ್ಕೆ, ಎದೆ ಅಗಲವಾಗಿದ್ದರೆ ಹೊಗೆ ಒಳಗೆ ಅಂಟದೆ ಹಾಗೇ ಸುತ್ತಿ ಆಚೆಗೆ ಬರುತ್ತದೆ ಎಂದು ವಿವರಿಸಿದರು. ಅಷ್ಟು ಗಂಭೀರವಾಗಿ ಹೇಳಿದ್ದನ್ನು ಕೇಳಿ ನನಗೂ ನಿಜವಿರಬಹುದೆನ್ನಿಸಿತು.

ಒಬ್ಬ ಹುಡುಗನ ವಿಷಯ ಇಲ್ಲೇ ಹೇಳಬೇಕು. ಈರುಳ್ಳಿ ಮಂಡಿಯ ಹಮಾಲರೊಬ್ಬರ ಮಗ, ಎಂಟುನೂರು ಮೀಟರ್ ಓಟದಲ್ಲಿ ತಾಲ್ಲೂಕಿಗೇ ಮೊದಲು ಬರುವವನು. ಆದರೆ ಗೆರೆ ದಾಟಿದ ಕೂಡಲೇ ಮಂಡಿ ಹಿಡಿದು ಬಗ್ಗಿಬಿಡುತ್ತಿದ್ದ. ಮೇಷ್ಟ್ರು ಹೇಳಿದರು, ಗದರಿದರು, ದಾರದಲ್ಲಿ ಬಾರಿಸಿದರು. ಅವನು ಕೈ ಎತ್ತಿದ, ಕಣ್ಣು ಕತ್ತಲಿಟ್ಟಂತಾಗಿ ಮತ್ತೆ ಬಗ್ಗಿದ. "ಗೆದ್ದೋನು ಎಮ್ಮ ತರ ನಿಂತ್ಕಂಡ್ರ ಗೆದ್ದು ಏನ್ಲಾ ಬಂತು?" ಎಂದು ಎಲ್ಲರೆದುರಿಗೆ ಕೇಳಿ ಅವನನ್ನು ತಂಡದಿಂದಲೇ ತೆಗೆದುಬಿಟ್ಟರು. ಅವನು ಆಮೇಲೆ ಓಡಲಿಲ್ಲ. ಈಗ ಈರುಳ್ಳಿ ಮಂಡಿಯಲ್ಲಿ ಲಾರಿಗಳನ್ನು ಗೊತ್ತುಮಾಡಿಕೊಡುವ ದೊಡ್ಡ ಏಜೆಂಟು. ಹೊಟ್ಟೆ ಬಂದಿದೆ.

ನಿವೃತ್ತರಾದ ಮೇಲೆ ಮೇಷ್ಟ್ರು ಚಾಮರಾಜನಗರದಲ್ಲಿ ಮನೆ ಮಾಡಿದರು. ತಿಂಗಳಿಗೊಮ್ಮೆ ನಾನು ತೆರಕಣಾಂಬಿಯ ಮೇಲೆ ಹೋಗುವ ಬಸ್ಸು ಹತ್ತಿ ನೋಡಿಬರುತ್ತಿದ್ದೆ. ಕೆಲವು ವರ್ಷಗಳಾದ ಮೇಲೆ ಒಂದು ಸಲ ಹೋದಾಗ ಅವರ ಹೆಂಡತಿ ನನ್ನನ್ನು ಹಿತ್ತಿಲಿಗೆ ಕರೆದು ಬಾಚಣಿಗೆಗಳ ದೂರು ಹೇಳಿದರು. ಮೇಷ್ಟ್ರಿಗೆ ತಲೆ ಬಾಚುವಾಗ ಮೇಲುಸಿರು ಬರುತ್ತಿತ್ತು. ಬಾಚಣಿಗೆ ಭಾರವಾಗಿದೆ ಎಂದು ಹೇಳಿ ಮರದ್ದನ್ನು ಬಿಸಾಡಿ ಪ್ಲಾಸ್ಟಿಕ್ಕಿನದು ತಂದರು. ಅದೂ ಭಾರವಾಯಿತು. ಜೇಬಿಗೆ ಹಾಕುವ ಚಿಕ್ಕದು ತಂದರು. ಕೊನೆಗೆ ಕೂದಲಿನದೇ ತಪ್ಪೆಂದು ತೀರ್ಮಾನಿಸಿ ಬೋಳಿಸಿಕೊಂಡರು. ಆಮೇಲೆ ಬಟ್ಟೆ ಒಣಗಿಸುವ ಹಗ್ಗ ಎತ್ತರವಾಯಿತು. ಅದನ್ನು ಒಂದಡಿ ಇಳಿಸಿದರು, ಮತ್ತೊಂದಡಿ ಇಳಿಸಿದರು, ಕೊನೆಗೆ ಪಂಚೆಯ ಅಂಚು ನೆಲ ಗುಡಿಸತೊಡಗಿತ್ತು.

"ಆಸ್ಪತ್ರಗ ಓಗನ ಅಂದ್ರ ಹಗ್ಗವ ಇನ್ನೂ ವಸಿ ಇಳಿಸ್ತರ ಕಣ್ ಮೇಷ್ಟ್ರೆ" ಎಂದರು ಆಕೆ. "ಇನ್ನ ಹಗ್ಗ ಇಳ್ಸಕ್ಕ ಜಾಗ ಇಲ್ಲ, ನೆಲ ಬಂತು."

ನಾನೇ ಒಯ್ದೆ. ಆಸ್ಪತ್ರೆಯಲ್ಲಿ ಒಂದು ಕೊಳವೆಯನ್ನು ಬಾಯಲ್ಲಿಟ್ಟು ಜೋರಾಗಿ ಊದುವ ಪರೀಕ್ಷೆ. ಊದಿದ್ದನ್ನು ಯಂತ್ರ ಅಳೆಯುತ್ತದೆ. ಮೇಷ್ಟ್ರು ಎದ್ದು ನಿಂತು, ಪದ್ಧತಿಯಂತೆ ಎರಡೂ ಕೈಗಳನ್ನು ತಲೆಯ ಮೇಲಿಟ್ಟುಕೊಂಡು, ಕೊಳವೆಗಾಗಿ ಬಾಯಿ ತೆರೆದರು. ಕೊಳವೆಯನ್ನು ಯಾರು ಹಿಡಿಯಬೇಕು ಎಂಬ ಪ್ರಶ್ನೆ ಎದ್ದಿತು. ಉಸಿರಾಟದ ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿ ಹುಡುಗಿ ಇನ್ನೂ ಇಪ್ಪತ್ತೈದು ದಾಟದವಳು. ಕೂತ್ಕೊಳ್ಳಿ ತಾತ ಎಂದಳು. ತಾತ ಅನ್ನಬೇಡ, ಮೇಷ್ಟ್ರು ಅನ್ನು ಎಂದರು. ಆಯ್ತು ಮೇಷ್ಟ್ರೆ, ಕೂತ್ಕೊಳ್ಳಿ ಎಂದಳು. ಅವರು ಕೂತು ಕೊಳವೆ ಹಿಡಿದು ಊದಿದರು. ವಿಷಲ್ ಊದಿದವರಾದ್ದರಿಂದ ಸದ್ದು ಚೆನ್ನಾಗಿ ಬಂತು, ಗಾಳಿ ಬರಲಿಲ್ಲ. ಬೀಡಿಯಿಂದ ಒಳಗಿನ ದಾರಿಗಳು ಕಿರಿದಾಗಿವೆ, ಹಳೆಯ ಗಾಳಿ ಹೊರಗೆ ಹೋಗದೆ ಒಳಗೇ ಕೂತಿದೆ, ಹೊಸದಕ್ಕೆ ಜಾಗವಿಲ್ಲ ಎಂದರು ಡಾಕ್ಟರು.

ಆಮೇಲೆ ಆ ಹುಡುಗಿ ಪಾಠ ಮಾಡಿದಳು. ಕೈ ಮೇಲಕ್ಕೆತ್ತಿದರೆ ಎದೆ ಅಗಲವಾದಂತೆ ಕಾಣುವುದು ನಿಜ. ಆದರೆ ಉಸಿರು ಸಾಲದವರಿಗೆ ಕುತ್ತಿಗೆಯ, ಹೆಗಲಿನ ಸ್ನಾಯುಗಳೂ ಉಸಿರೆಳೆಯಲು ಬೇಕು. ಕೈ ಎತ್ತಿಹಿಡಿಯುವ ಕೆಲಸವೂ ಅವುಗಳದೇ. ಎರಡು ಕೆಲಸ ಒಟ್ಟಿಗೆ ಆಗುವುದಿಲ್ಲ, ಅದಕ್ಕೇ ತಲೆ ಬಾಚುವಾಗ ಮೇಲುಸಿರು. ಕೈಗಳನ್ನು ಮಂಡಿಯ ಮೇಲೋ ಮೇಜಿನ ಮೇಲೋ ಊರಿ ಮುಂದಕ್ಕೆ ಬಾಗಿದರೆ ಕೈಯ ಭಾರ ಹೆಗಲಿಗಿಲ್ಲ, ಆ ಸ್ನಾಯುಗಳು ಪಕ್ಕೆಲುಬು ಎತ್ತಲು ಬಿಡುವಾಗುತ್ತವೆ. ಎದೆಗೂ ಹೊಟ್ಟೆಗೂ ನಡುವೆ ಇರುವ ಪರದೆಯಂಥ ಸ್ನಾಯುವೂ ಚೆನ್ನಾಗಿ ಕೆಲಸ ಮಾಡುತ್ತದೆ. ಹೀಗೆ ಹೇಳುತ್ತ ಮೇಷ್ಟ್ರ ಎರಡೂ ಅಂಗೈಗಳನ್ನು ತೆಗೆದು ಅವರ ಮಂಡಿಯ ಮೇಲಿಟ್ಟು, ಬೆನ್ನನ್ನು ಮೆಲ್ಲಗೆ ಮುಂದಕ್ಕೆ ಬಗ್ಗಿಸಿದಳು.

ಮೇಷ್ಟ್ರು ಎಮ್ಮೆ ನೀರು ಕುಡಿಯುವ ಭಂಗಿಯಲ್ಲಿ ಕುಳಿತರು. ಐದು ನಿಮಿಷದಲ್ಲಿ ಉಸಿರು ತಹಬಂದಿಗೆ ಬಂತು. ಇಪ್ಪತ್ತೆರಡು ವರ್ಷ ನನ್ನ ಹೆಗಲು ನೆಟ್ಟಗೆ ಮಾಡಿದವರನ್ನು ಈ ಭಂಗಿಯಲ್ಲಿ ನೋಡಿದರೆ ನನಗೆ ಖುಷಿಯಾಗಬೇಕಿತ್ತು. ಅದಕ್ಕಾಗಿ ಸಿದ್ಧನಾಗಿಯೂ ಇದ್ದೆ. ಆದರೆ ಅವರು ತಲೆಯೆತ್ತದೆ ಕೇಳಿದ ಪ್ರಶ್ನೆ ಬೇರೆಯಾಗಿತ್ತು.

"ಓಡಿ ಬಂದ ಉಡುಗ್ರಿಗೂ ಇದೇಯ?"

ಎಳೆಯ ಮಕ್ಕಳಿಗೆ ಹೇಗೆ ನಿಂತರೂ ತೊಂದರೆಯಿಲ್ಲ, ಉಸಿರು ತಾನಾಗಿ ಬರುತ್ತದೆ, ಬಗ್ಗಿ ನಿಂತರೆ ಸ್ವಲ್ಪ ಬೇಗ ಬರುತ್ತದೆ ಅಷ್ಟೆ ಎಂದು ಆ ಹುಡುಗಿ ಸಮಾಧಾನ ಹೇಳಿದಳು. ಮೇಷ್ಟ್ರು ಆ ಸಮಾಧಾನವನ್ನು ತೆಗೆದುಕೊಳ್ಳಲಿಲ್ಲ. ಬಸ್ಸು ಹತ್ತುವಾಗ ನನಗೆ ಕೇಳುವಷ್ಟು ಮಾತ್ರ ಹೇಳಿದರು: "ಆ ಹಮಾಲರ ಉಡ್ಗ ಸರ್ಯಾಗೇ ನಿಂತಿದ್ದ ಮೇಷ್ಟ್ರೆ."

ಅಂದಿನಿಂದ ಅವರಿಗೆ ಒಂದೇ ಹಟ. ತಾವು ಹೇಳಿಕೊಟ್ಟದ್ದು ತಪ್ಪೆಂದು ಹುಡುಗರಿಗೆ ಹೇಳಬೇಕು, ಅದೂ ಉಸಿರಿರುವಾಗಲೇ. ಅವಕಾಶ ತಾನಾಗಿ ಬಂತು. ಈಗ ಎಲ್ಲ ಕಡೆ ಹಳೆಯ ವಿದ್ಯಾರ್ಥಿಗಳು ಸೇರಿ ಗುರುವಂದನೆ ಮಾಡುತ್ತಾರಲ್ಲ, ನಮ್ಮ ಶಾಲೆಯವರೂ ಏರ್ಪಡಿಸಿದರು. ಮುಂದೆ ನಿಂತು ಮಾಡುತ್ತಿದ್ದವನು ಆ ಲಾರಿ ಏಜೆಂಟೇ. ಮೇಷ್ಟ್ರು ನಾಲ್ಕು ಪುಟದ ಭಾಷಣ ಬರೆದು ನನ್ನನ್ನು ಕರೆಸಿದರು.

ತೊಂದರೆ ಇದ್ದದ್ದು ಉಸಿರಿನದು. ಆ ವೇಳೆಗೆ ಒಂದು ಉಸಿರಿಗೆ ಅವರಿಗೆ ನಾಲ್ಕು ಮಾತು ಬರುತ್ತಿತ್ತು. "ವೇದಿಕೆಯ ಮೇಲಿರುವ ಗಣ್ಯಮಾನ್ಯರೇ" ಎನ್ನುವುದರಲ್ಲೇ ಒಂದು ಉಸಿರು ಮುಗಿಯಿತು. ಗಣ್ಯರನ್ನು ಬಿಟ್ಟೆವು. "ಸಮಸ್ತ" ಹೋಯಿತು, "ಹೃತ್ಪೂರ್ವಕ" ಹೋಯಿತು. ಕನ್ನಡದಲ್ಲಿ ಉಸಿರಿಗೆ ದುಬಾರಿಯಾದ ಮಾತುಗಳು ಎಷ್ಟಿವೆಯೆಂದು ನಲವತ್ತು ವರ್ಷ ಕನ್ನಡ ಹೇಳಿದ ನನಗೆ ಗೊತ್ತಾದದ್ದು ಆಗಲೇ. ಮಹಾಪ್ರಾಣಗಳಿರುವ ಮಾತು ಬಂದಾಗಲೆಲ್ಲ ಅವರು ನನ್ನ ಮುಖ ನೋಡುವರು, ನಾನು ಹೊಡೆದುಹಾಕುವೆನು. ಮೂರು ಭೇಟಿಯಲ್ಲಿ ನಾಲ್ಕು ಪುಟ ಎರಡು ವಾಕ್ಯಕ್ಕೆ ಇಳಿಯಿತು. ಅವನ್ನು ಮೇಜಿಗೆ ಅಂಗೈ ಊರಿ ಹೇಳಿದರೆ ಸಲೀಸಾಗಿ ಬರುತ್ತಿತ್ತು. ಅಲ್ಲೂ ಹಾಗೇ ಹೇಳಿ ಎಂದೆ. ಮೇಷ್ಟ್ರು ಒಪ್ಪಲಿಲ್ಲ.

"ಬಗ್ಗಿ ನಿಂತು ತಪ್ಪು ಅಂದ್ರ, ಪಾಪ ಕಾಯ್ಲ ಅಂತರ. ನೆಟ್ಗ ನಿಂತ್ಕಂಡು ಅಂದ್ರೇನೇ ಅದು ತಪ್ಪು."

ನೆಟ್ಟಗೆ ನಿಂತರೆ ಆ ಎರಡು ವಾಕ್ಯ ಹೊರಗೆ ಬರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಕಾರ್ಯಕ್ರಮ ನಡೆದದ್ದು ಶಾಲೆಯ ಮೈದಾನದಲ್ಲಿ, ಬೆಳಗಿನ ಹೊತ್ತು. ಶಾಮಿಯಾನ ಹಾಕಿದ್ದರು. ಮೇಷ್ಟ್ರಿಗೆ ಮೈಸೂರು ಪೇಟ ತೊಡಿಸಿದರು, ಶಾಲು ಹೊದಿಸಿದರು, ಅದರ ಮೇಲೆ ಮಂಡಿಯವರ ಅಭಿಮಾನಕ್ಕೆ ತಕ್ಕ ತೂಕದ ಸೇವಂತಿಗೆ ಹಾರ. ಅವರು ಎಲ್ಲವನ್ನೂ ಹೊತ್ತುಕೊಂಡು, ಯಾರ ಕೈಯನ್ನೂ ಹಿಡಿಯದೆ, ನೆಟ್ಟಗೆ ಮೈಕಿನ ಮುಂದೆ ಬಂದು ನಿಂತರು. ಒಂದು ಉಸಿರು ಎಳೆದುಕೊಂಡರು. ಮೊದಲ ಮಾತು ಬಾಯಿಗೆ ಬಂದಿತ್ತು.

ಆಗ ಲಾರಿ ಏಜೆಂಟು ಮುಂದಿನ ಸಾಲಿನಿಂದ ಎದ್ದು ಒಂದು ವಿಷಲ್ ಊದಿದ. ಅದು ಅವರು ಮೊದಲೇ ಮಾತಾಡಿಕೊಂಡಿದ್ದ ಗೌರವ. ನೂರೈವತ್ತು ಜನ, ನೆರೆಗೂದಲಿನವರು, ಬೊಜ್ಜಿನವರು, ಬಸ್ ಓಡಿಸುವವರು, ಬ್ಯಾಂಕಿನವರು, ಸೊಂಟನೋವಿನವರು, ಒಟ್ಟಿಗೆ ಎದ್ದು ಎರಡೂ ಕೈಗಳನ್ನು ತಲೆಯ ಮೇಲಿಟ್ಟುಕೊಂಡು ಎದೆ ಉಬ್ಬಿಸಿ ನಿಂತರು.

ವಿಷಲ್ ಕೇಳಿದ ಕೂಡಲೇ ಮೇಷ್ಟ್ರ ಕೈಗಳೂ ತಾವಾಗಿ ಮೇಲೆ ಹೋಗಿ ಪೇಟದ ಮೇಲೆ ಕೂತವು. ಅವರು ಇಳಿಸಲಿಲ್ಲ. ಹಾರದ ಭಾರ, ಕೈಯ ಭಾರ, ಎದುರಿಗೆ ನೂರೈವತ್ತು ನೆಟ್ಟಗಿನ ಬೆನ್ನುಗಳು. ಬಾಯಿ ಆಡುತ್ತಿತ್ತು, ಮಾತು ಬರಲಿಲ್ಲ. ಭಾವುಕರಾಗಿದ್ದಾರೆಂದು ಎಲ್ಲರೂ ಕಣ್ಣು ಒರೆಸಿಕೊಂಡರು. ನನಗೆ ಅವರ ತುಟಿ ನೀಲಿಗಟ್ಟುತ್ತಿದ್ದುದು ಕಾಣುತ್ತಿತ್ತು. ಎದ್ದು ಅವರ ಪಕ್ಕಕ್ಕೆ ಹೋದೆ. ಎರಡೂ ಕೈಯನ್ನು ನನ್ನ ಮಂಡಿಗೆ ಊರಿ, ಸ್ಟಾಫ್ ರೂಮಿನಲ್ಲಿ ಕೂರುತ್ತಿದ್ದ ಹಾಗೆಯೇ ಬಗ್ಗಿ ನಿಂತೆ. ಮೇಷ್ಟ್ರು ನನ್ನನ್ನು ನೋಡಿದರು. ಈ ಸಲ ಹೆಗಲು ಹಿಡಿದು ನೆಟ್ಟಗೆ ಮಾಡಲಿಲ್ಲ.

ಅವರ ಕೈಗಳು ಪೇಟದಿಂದ ಇಳಿದವು. ಶಾಲಿನವರೆಗೆ ಬಂದವು, ಅಲ್ಲಿಂದ ಮಂಡಿಗೆ ಬಂದವು. ಬೆನ್ನು ಬಾಗಿತು. ಪೇಟ ಜಾರಿ ನೆಲಕ್ಕೆ ಬಿತ್ತು. ಯಾರೋ ಓಡಿ ಬರಲು ಹೋದಾಗ ನಾನು ತಡೆದು, ಮೈಕನ್ನು ಕಳಚಿ ಅವರ ಬಾಯಿಯ ಎತ್ತರಕ್ಕೆ, ಅಂದರೆ ಮಂಡಿಯ ಸಮೀಪಕ್ಕೆ ಹಿಡಿದೆ. ಐದಾರು ಉಸಿರು ಮೈಕಿನಲ್ಲಿ ಇಡೀ ಮೈದಾನಕ್ಕೆ ಕೇಳಿಸಿತು. ಆಮೇಲೆ ಮಾತು.

"ಇದೇ ಸರಿ ಕಣ್ರಲಾ. ನಾ ಏಳ್ಕೊಟ್ಟಿದ್ದು ತಪ್ಪು."

ಭಾಷಣ ಅಷ್ಟೇ ಇತ್ತು. ಆದರೆ ಅವರಿಗೆ ಇನ್ನೊಂದು ಉಸಿರು ಸಿಕ್ಕಿತು. ಏಜೆಂಟಿನ ಕಡೆ ಮುಖ ತಿರುಗಿಸಿ ಸೇರಿಸಿದರು: "ನಿನ್ ಬೆನ್ನಿಗ ಒಡ್ದಿದ್ನಲ್ಲ. ಅದೂವ."

ಅವನು ಮೊದಲು ನಕ್ಕ. ಮೇಷ್ಟ್ರು ನಗಲಿಲ್ಲವೆಂದು ನೋಡಿ ನಿಲ್ಲಿಸಿದ. ತಲೆಯ ಮೇಲಿನ ಕೈ ಒಂದೊಂದಾಗಿ ಇಳಿಯಿತು. "ಬುಡಿ ಸಾ, ಎಮ್ಮ ಒಟ್ಟ ತುಂಬ ನೀರ್ ಕುಡೀತು" ಎಂದು ತನ್ನ ಹೊಟ್ಟೆ ತೋರಿಸಿ, ಅಲ್ಲೇ ಮಂಡಿ ಹಿಡಿದು ಬಗ್ಗಿದ. ಅವನ ಪಕ್ಕದವನು ಬಗ್ಗಿದ. ಹಿಂದಿನ ಸಾಲು ಬಗ್ಗಿತು. ನೂರೈವತ್ತು ಜನ ಮಂಡಿಯ ಮೇಲೆ ಕೈಯೂರಿ, ಮುಖ ನೆಲಕ್ಕೆ ಮಾಡಿ ನಿಂತರು. ಎಷ್ಟೋ ಜನಕ್ಕೆ ಸೊಂಟಕ್ಕೂ ಹಿತವಾಯಿತೆಂದು ಕಾಣುತ್ತದೆ, ಯಾರೂ ಬೇಗ ಏಳಲಿಲ್ಲ.

ಗೇಟಿನ ಬಳಿ ಆ ಕಡಲೆಕಾಯಿಯ ಹೆಂಗಸು ಈಗಲೂ ಇದ್ದಳು. ಎಂಬತ್ತರ ಹತ್ತಿರ, ಒಂದು ಕಣ್ಣಿಗೆ ಪೊರೆ. ಅವಳು ಒಳಗೆ ನೋಡಿದಳು. ಎದ್ದಳು. ಮಂಕರಿಯನ್ನು ಅಲ್ಲೇ ಬಿಟ್ಟು, ತಾನೂ ನೆಲ ನೋಡುತ್ತ, ಕಾಲಿನಿಂದ ಹುಲ್ಲು ಸರಿಸುತ್ತ, ಸಾಲುಗಳ ನಡುವೆ ಹುಡುಕಿಕೊಂಡು ವೇದಿಕೆಯವರೆಗೂ ಬಂದಳು. ಮೇಷ್ಟ್ರ ಎದುರಿಗೆ ನಿಂತು ಕೇಳಿದಳು:

"ಏನ್ ಕಳ್ದೋಯ್ತು ಮೇಷ್ಟ್ರೆ?"

ಮೇಷ್ಟ್ರು ಮಂಡಿಯ ಮೇಲಿನ ಕೈ ತೆಗೆಯದೆ ಬರಿಯ ತಲೆಯನ್ನು ಮೇಲೆತ್ತಿದರು. ಬೋಳುತಲೆ, ಬೆವರು, ಹಾರದೊಳಗಿಂದ ಅರಳಿದ ಮುಖ. ಫೋಟೋದವನು ಕೆಳಗಿನಿಂದ ಮುಖವನ್ನಷ್ಟೇ ಹಿಡಿದು ಕ್ಲಿಕ್ ಮಾಡಿದ್ದು ಆಗಲೇ. ಈಗ ಗೋಡೆಯ ಮೇಲಿರುವುದು ಅದೇ.

"ಉಸ್ರು ಕಣವ್ವ" ಎಂದರು ಮೇಷ್ಟ್ರು. "ಸಿಕ್ತು."